ಹುಣಸೆದೊಡ್ಡಿಗೆ ಬಂದವಳು

“ಮನೇಲಿ ಎಲ್ರೂವೆ ತಂಪಾಗವ್ರಾ ತಾಯಿ?”

ಊರಿನ ಗಡಿಕಲ್ಲಿನ ಪಕ್ಕ ಬೇವಿನ ಕೊಂಬೆ ಹಿಡಿದು ನಿಂತಿದ್ದ ಮಾದಣ್ಣ ನಗುನಗುತ್ತಲೇ ಕೇಳಿದ. ಶಿವರತ್ನಮ್ಮ ಉತ್ತರ ಕೊಡುವ ಮೊದಲು ಹಿಂದಕ್ಕೆ ತಿರುಗಿ ನೋಡಿದಳು. ಅವಳನ್ನೂ ಜೊತೆಗೆ ಬಂದ ಇಬ್ಬರನ್ನೂ ಇಳಿಸಿದ ಕೆಂಪು ಬಸ್ಸು ಆಗಲೇ ಧೂಳೆಬ್ಬಿಸಿಕೊಂಡು ಗೋಪಿನಾಥಂ ಕಡೆಗೆ ಹೋಗಿಬಿಟ್ಟಿತ್ತು. ಅದು ಅಲ್ಲಿ ತಿರುಗಿಕೊಂಡು ಮತ್ತೆ ಈ ದಾರಿಗೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಕೊಳ್ಳೇಗಾಲಕ್ಕೆ ವಾಪಸು ಹೋಗಬೇಕೆಂದರೆ ನಡೆದೇ ಹೋಗಬೇಕು, ಅದೂ ಆನೆ ತಿರುಗಾಡುವ ಕಾಡಿನಲ್ಲಿ.

“ತಂಪಾಗಿದ್ದಾರೆ ಮಾದಣ್ಣ” ಎಂದಳು.

“ಅಷ್ಟ್ ಸಾಕು, ಬನ್ನಿ” ಎಂದು ಅವನು ಕೊಂಬೆಯನ್ನು ಪಕ್ಕಕ್ಕೆ ಹಿಡಿದ.

ಅದು ಕುಶಲ ಕೇಳುವ ಮಾತಾಗಿರಲಿಲ್ಲ. ಕಳೆದ ವರ್ಷ ಹುಣಸೆದೊಡ್ಡಿಗೆ ಅಮ್ಮ ಬಂದಿತ್ತು. ಆಸ್ಪತ್ರೆಯವರು ದಡಾರ ಎಂದರು, ಊರಿನವರಿಗೆ ಅದು ಅಮ್ಮನೇ. ಯಾರದೋ ನೆಂಟರು ತಮ್ಮ ಮನೆಯ ಮಗುವಿಗೆ ಅಮ್ಮ ಎದ್ದಿರುವುದನ್ನು ಬಚ್ಚಿಟ್ಟುಕೊಂಡು ಬಂದು, ಹಬ್ಬದೂಟ ಉಂಡು, ಕೈತೊಳೆದುಕೊಂಡು ಹೋಗಿದ್ದರು. ಅವರು ಹೋದ ಮೇಲೆ ಊರಿನ ಮಕ್ಕಳು ಒಂದೊಂದಾಗಿ ಮಲಗಿದವು. ಕೆಲವು ಮತ್ತೆ ಏಳಲಿಲ್ಲ. ಅಂದಿನಿಂದ ಹೊರಗಿನವರು ಯಾರೇ ಬರಲಿ, ಫಾರೆಸ್ಟ್ ಗಾರ್ಡೇ ಆಗಲಿ, ಗಡಿಕಲ್ಲಿನಲ್ಲಿ ನಿಂತು ಈ ಮಾತಿಗೆ ಉತ್ತರ ಕೊಟ್ಟೇ ಒಳಗೆ ಬರಬೇಕಿತ್ತು. ಅಮ್ಮ ಎದ್ದ ಮನೆಯ ಹೆಂಗಸು ಹೊಸ್ತಿಲು ದಾಟಿದರೆ ಅವಳ ಜೊತೆ ಅಮ್ಮನೂ ಹೊರಡುತ್ತಾಳೆ ಎನ್ನುವುದು ಅವರ ತಿಳಿವಳಿಕೆ. ಗಡಿಕಲ್ಲಿನ ಮುಂದೆ ಸುಳ್ಳು ಹೇಳುವವರು ಇರಲಾರರು ಎನ್ನುವುದು ಮಾದಣ್ಣನ ನಂಬಿಕೆ.

ಆವತ್ತು ಬೆಳಿಗ್ಗೆ ಮಗಳು ಗಿರಿಜೆಗೆ ಜಡೆ ಹೆಣೆಯುತ್ತಿದ್ದಾಗ ಕಿವಿಯ ಹಿಂದೆ ಕೆಂಪಗೆ ಏನೋ ಕಂಡಿತ್ತು. ಮೈ ಮುಟ್ಟಿದರೆ ಬೆಚ್ಚಗಿತ್ತು. ಅತ್ತೆ ಚನ್ನಮಲ್ಲಮ್ಮ ಬಂದು ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ಅಮ್ಮ ಕಣೆ ಇದು. ಇವತ್ತು ಹೊಸ್ಲು ದಾಟ್ಬೇಡ” ಎಂದಿದ್ದರು. “ಉಷ್ಣದ ಗುಳ್ಳೆ ಅತ್ತೆ, ನೆನ್ನೆ ಬಿಸಿಲಲ್ಲಿ ಆಡಿದ್ಲು” ಎಂದು ಶಿವರತ್ನಮ್ಮ ಚೀಲ ಎತ್ತಿಕೊಂಡು ಬಂದುಬಿಟ್ಟಿದ್ದಳು. ಉಷ್ಣದ ಗುಳ್ಳೆ ಯಾವುದು, ಅದಲ್ಲದ್ದು ಯಾವುದು ಎಂದು ಗೊತ್ತಿಲ್ಲದಷ್ಟು ಎಳೆಯವಳೇನೂ ಅಲ್ಲ ಅವಳು.

ಆದರೆ ಅವಳು ಬರದಿದ್ದರೆ ಯಾರೂ ಬರುತ್ತಿರಲಿಲ್ಲ. ಹಿಂದಿನ ವರ್ಷ ಮಕ್ಕಳನ್ನು ಕಳೆದುಕೊಂಡ ಈ ಊರಿಗೆ ಬಟ್ಟೆ ಹಂಚಲು ಬಂದಿದ್ದಾಗ, “ಬರೋ ವರ್ಷದ ಮಕ್ಕಳ ದಿನ ನಿಮ್ಮೂರಲ್ಲೇ ಮಾಡ್ತೀವಿ” ಎಂದು ಮಾತು ಕೊಟ್ಟವಳು ಅವಳೇ. ರೇಷ್ಮೆ ಬೀದಿಯ ಮಹಿಳಾ ಮಂಡಳಿಯ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿದ್ದರು. ಕೈ ಎತ್ತುವುದಕ್ಕೆ ಬಸ್ಸು ಹತ್ತಬೇಕಾಗಿಲ್ಲವಲ್ಲ. ಮೈಕ್ ಸೆಟ್ಟು, ಜೀಪು, ಜಾಮೂನು, ನಾಟಕ ಎಂದು ಶುರುವಾದದ್ದು ದಿನ ಹತ್ತಿರ ಬಂದಂತೆ ಸೊರಗುತ್ತಾ ಬಂತು. ಒಬ್ಬರಿಗೆ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಇನ್ನೊಬ್ಬರಿಗೆ ನಾದಿನಿ ಬರುವವಳಿದ್ದಾಳೆ, ಜೀಪಿಗೆ ಟೈರಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಉಳಿದವರು ಮೂರೇ ಜನ: ಶಿವರತ್ನಮ್ಮ, ಮಧುವನಹಳ್ಳಿಯಿಂದ ಮೊಸರಿನ ಗಡಿಗೆ ಹೊತ್ತು ಬಂದ ವಿಧವೆ ಬಸವಮ್ಮ, ಮತ್ತು ಹಾರ್ಮೋನಿಯಂ ನುಡಿಸುವ ಮೇಷ್ಟ್ರು ಗುರುಪಾದಸ್ವಾಮಿ.

ಊರೊಳಗೆ ಬಂದ ಮೇಲೆ ಕಾರ್ಯಕ್ರಮ ಇನ್ನಷ್ಟು ಸಣ್ಣದಾಯಿತು. ಗುರುಪಾದಸ್ವಾಮಿ ಕಜ್ಜಾಯಕ್ಕೆಂದು ತಂದಿದ್ದ ಎಣ್ಣೆಯ ಡಬ್ಬ ನೋಡಿ ಮಾದಣ್ಣ ತಲೆಯಾಡಿಸಿದ.

“ಎಣ್ಣ ಇಡಂಗಿಲ್ಲ ಸಾ. ಅವ್ವ ಬಂದೋಗಿ ಇನ್ನೂ ವರ್ಷ ತುಂಬಿಲ್ಲ. ಒಗ್ಗರಣ ವಾಸ್ನನೂ ಬರಂಗಿಲ್ಲ, ತಮಟನೂ ಬಡಿಯಂಗಿಲ್ಲ.”

“ಮತ್ತೆ ಹಾರ್ಮೋನಿಯಂ?”

ಮಾದಣ್ಣ ಪೆಟ್ಟಿಗೆಯನ್ನು ಸುತ್ತಿ ಬಂದು ನೋಡಿದ. “ಮೆಲ್ಲಕ ಊದುದ್ರ ಊದಿ. ಅವ್ಳಿಗ ನಿದ್ದ ಕೆಡ್ಬಾರ್ದು ಅಷ್ಟೆ.”

ಹಾಗಾಗಿ ಹುಣಸೆ ಮರದ ಕೆಳಗೆ ಮಕ್ಕಳ ದಿನ ಮೆಲ್ಲಗೆ ಶುರುವಾಯಿತು. ಮೇಷ್ಟ್ರು ಹಾರ್ಮೋನಿಯಂಗೆ ಟವಲು ಹೊದಿಸಿ ನುಡಿಸಿದರು. ಮಕ್ಕಳಿಗೆ ಜೋರಾಗಿ ಚಪ್ಪಾಳೆ ತಟ್ಟಬೇಡಿ ಎಂದದ್ದಕ್ಕೆ ಅವು ಎರಡೆರಡು ಬೆರಳಿನಿಂದ ತಟ್ಟಿದವು. ಓಟದ ಪಂದ್ಯ ನಡಿಗೆಯ ಪಂದ್ಯವಾಯಿತು, ಅದರಲ್ಲೂ ನಗು ತಡೆಯಲಾರದೆ ಎರಡು ಮಕ್ಕಳು ಬಿದ್ದವು. ಇಷ್ಟು ಕಡಿಮೆಯಲ್ಲಿ ಇಷ್ಟು ಖುಷಿಪಡುವ ಮಕ್ಕಳನ್ನು ಕಂಡು ಮೇಷ್ಟ್ರು ಅದೇ ರಾಗವನ್ನು ಇನ್ನೊಮ್ಮೆ ನುಡಿಸಿದರು. ಶಿವರತ್ನಮ್ಮ ಮಾತ್ರ ಶಾಲೆಯ ಜಗಲಿಯ ಮೇಲೆ ಸೆರಗನ್ನು ಕೈಗೆ ಸುತ್ತಿಕೊಂಡು ಕೂತಿದ್ದಳು. ಮಗಳ ಹಣೆ ಈಗ ಎಷ್ಟು ಸುಡುತ್ತಿರಬಹುದು ಎಂದು ಒಂದು ಸಲ, ಈ ಮಕ್ಕಳಲ್ಲಿ ಯಾವುದು ನನ್ನ ಹತ್ತಿರ ಬರುತ್ತಿದೆ ಎಂದು ಇನ್ನೊಂದು ಸಲ, ಅವಳ ಮನಸ್ಸು ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡುತ್ತಿತ್ತು. ಮಕ್ಕಳಿಗೆ ಬಣ್ಣದ ಕಾಗದದ ಟೋಪಿ ಮಾಡುವ ಕೆಲಸ ಅವಳದಾಗಿತ್ತು. ತಲೆನೋವು ಎಂದು ಹೇಳಿ ಅದನ್ನೂ ಬಸವಮ್ಮನಿಗೆ ದಾಟಿಸಿದ್ದಳು.

ಅಡುಗೆಯೂ ಬದಲಾಯಿತು. ಕಜ್ಜಾಯದ ಬದಲು ಒಗ್ಗರಣೆಯಿಲ್ಲದ ಮೊಸರನ್ನ, ಬಾಳೆಹಣ್ಣು. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಬಸವಮ್ಮ ಒಬ್ಬಳೇ ಸೌದೆ ನೂಕಿ, ಒಬ್ಬಳೇ ಗಂಜಿ ಬಸಿದು, ಕಡೆಗೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ಏನೇ ನಿಂದು? ಸೌಟು ಮುಟ್ಟಲ್ಲ, ಎಲೆ ಮುಟ್ಟಲ್ಲ. ಮದ್ವೆ ಹೆಣ್ಣಿನ ಹಂಗೆ ಕೂತಿದೀಯ. ಹೊರಗಾಗಿದೀಯೇನೇ?”

“ಇಲ್ಲ.”

“ಮತ್ತಿನ್ನೇನು ರೋಗ?”

ಆ ಮಾತಿಗೆ ಶಿವರತ್ನಮ್ಮನ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಎದೆಯಲ್ಲಿ ಹಿಡಿದಿಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಬಸವಮ್ಮ ಸುತ್ತಲೂ ನೋಡಿ, ಒದ್ದೆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು.

“ಅಯ್ಯೋ ಶಿವನೇ, ನಂಗ್ಯಾಕೆ ಹೇಳ್ದೆ! ಗೊತ್ತಿಲ್ದಿದ್ರೆ ನಾನಾದ್ರೂ ನೆಮ್ಮದಿಯಾಗಿ ಬಡಿಸ್ತಿದ್ದೆ.”

“ಅವರಿಗೆ ಹೇಳ್ಬಿಡ್ಲಾ?”

“ಬಾಯಿ ಬಿಟ್ರೆ ಬಣ್ಣಗೇಡು. ಕಲ್ಲು ಹತ್ರ ಸುಳ್ಳು ಹೇಳಿ ಬಂದಿದೀಯ. ಈಗ ಹೇಳಿದ್ರೆ ನಮ್ಮನ್ನ ಸುಮ್ನೆ ಬಿಡ್ತಾರಾ? ಬಸ್ ಬರೋವರ್ಗೂ ದೂರ ಇದ್ಬುಡು. ಯಾವ ಮಗೂನೂ ಮುಟ್ಬೇಡ.”

ಗುಸುಗುಸು ಕೇಳಿ ಬಂದ ಮೇಷ್ಟ್ರಿಗೂ ವಿಷಯ ಗೊತ್ತಾಯಿತು. ಅವರು ಸೈನ್ಸ್ ಓದಿದವರು. ಕಾಯಿಲೆ ಇರುವುದು ಮಗುವಿಗೆ, ಮಗು ಇರುವುದು ಕೊಳ್ಳೇಗಾಲದಲ್ಲಿ, ತಾಯಿಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದರೆ ಅವಳಿಂದ ಏನೂ ಆಗುವುದಿಲ್ಲ ಎಂದು ಪಿಸುದನಿಯಲ್ಲಿ ಪಾಠ ಮಾಡಿದರು. ಪಾಠ ಮುಗಿಸಿ, “ಆದ್ರೂ ಅವರಿಗೆ ಹೇಳೋದು ಬೇಡ” ಎಂದರು. ಏನೂ ಆಗುವುದಿಲ್ಲ ಎಂದ ಮೇಲೂ ತಾವು ಹಾರ್ಮೋನಿಯಂ ಪೆಟ್ಟಿಗೆಯನ್ನು ಅವಳಿಂದ ಒಂದು ಮಾರು ದೂರಕ್ಕೆ ಎತ್ತಿಟ್ಟುಕೊಂಡದ್ದು ಅವರಿಗೇ ಗೊತ್ತಾಗಲಿಲ್ಲ.

ದೂರ ಇರುವುದು ಹೇಳಿದಷ್ಟು ಸುಲಭವಲ್ಲ. ಹಿಂದಿನ ವರ್ಷ ಬಟ್ಟೆ ಕೊಟ್ಟಿದ್ದ ಅಮ್ಮ ಎಂದು ಮಕ್ಕಳಿಗೆ ಅವಳ ಗುರುತಿತ್ತು. ಟೋಪಿ ಹಾಕಿಕೊಂಡ ಮಕ್ಕಳು ತೋರಿಸಲು ಅವಳ ಹತ್ತಿರವೇ ಓಡಿ ಬರುತ್ತಿದ್ದವು. ಅವಳು ಎದ್ದು ಜಗಲಿಯ ಆ ತುದಿಗೆ ಹೋದರೆ ಅವೂ ಅಲ್ಲಿಗೇ ಹೋದವು. ಆಟ ಇರಬೇಕೆಂದು ತಿಳಿದು ನಕ್ಕವು. ನಾಲ್ಕು ವರ್ಷದ ಚಿಕ್ಕತಾಯಿ ಎಂಬ ಹುಡುಗಿ ನೀಲಿ ಟೋಪಿ ಹಾಕಿಕೊಂಡು ಬಂದು ಅವಳ ಸೆರಗಿನ ತುದಿ ಹಿಡಿದಳು. ಶಿವರತ್ನಮ್ಮ ಸೆರಗನ್ನು ಸರಕ್ಕನೆ ಎಳೆದುಕೊಂಡಳು. ಎಳೆದ ರಭಸಕ್ಕೆ ಮಗು ಕುಕ್ಕರಿಸಿ ಕೂತಿತು. ಅಳಲಿಲ್ಲ, ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಿತು, ಕೊಳೆಯಿದೆಯೇನೋ ಎಂದು.

ಇದನ್ನು ಮಗುವಿನ ತಾಯಿ ಮಾದೇವಮ್ಮ ಮರದ ಕೆಳಗಿನಿಂದ ನೋಡುತ್ತಿದ್ದಳು. ಅವಳು ಹಿಂದಿನ ವರ್ಷ ಎರಡು ಮಕ್ಕಳನ್ನು ಕಳೆದುಕೊಂಡವಳು. ಉಳಿದವಳು ಇವಳೊಬ್ಬಳೇ.

ಊಟಕ್ಕೆ ಸಾಲು ಕೂತಿತು. ಮುತ್ತುಗದ ಎಲೆಗಳ ಮೇಲೆ ಬಸವಮ್ಮ ಮೊಸರನ್ನ ಬಡಿಸುತ್ತಾ ಹೋದಳು. ಯಾವ ಮಗುವೂ ಕೈ ಇಡಲಿಲ್ಲ. ಊಟ ಹಾಕಿಸಿದವರು ಒಂದು ಮಗುವಿನ ಬಾಯಿಗೆ ಮೊದಲ ತುತ್ತು ಇಡಬೇಕು, ಆಮೇಲೆ ಉಳಿದವರು ಉಣ್ಣಬೇಕು, ಇದು ಆ ಊರಿನ ಪದ್ಧತಿ. ಮಕ್ಕಳೆಲ್ಲ ಜಗಲಿಯ ಕಡೆಗೆ ನೋಡಿದವು.

“ನಾನು ಇಡ್ತೀನಿ ಬನ್ನಿ, ನಾನೇ ಬೇಯ್ಸಿದ್ದು” ಎಂದು ಬಸವಮ್ಮ ಅವಸರದಿಂದ ಒಂದು ತುತ್ತು ಕಲೆಸಿದಳು.

ಮಾದೇವಮ್ಮ ಮಗಳನ್ನು ಎತ್ತಿಕೊಂಡು ನೇರ ಜಗಲಿಯ ಮುಂದೆ ಬಂದು ನಿಂತಳು. “ಅವ್ರಲ್ಲ. ಕರ್ಕಂಡ್ ಬಂದೋರು ನೀವು. ನೀವಿಕ್ಕಿ.”

“ನಂಗೆ ಮೈ ಹುಷಾರಿಲ್ಲ ಮಾದೇವಮ್ಮ. ಬಸವಮ್ಮ ದೊಡ್ಡೋರು, ಅವರೇ...”

“ಬೆಳಗಿಂದ್ಲೂ ನೋಡ್ತಾವ್ನಿ ಕನ್ರವ್ವ. ಮಕ್ಕ ಹತ್ರ ಬಂದ್ರ ಎದ್ದೋಯ್ತೀರಿ. ನನ್ ಕೂಸು ಸೆರಗ ಮುಟ್ಟುದ್ಕ ಕಿತ್ಕಂಡ್ರಿ. ನೀವು ಲಿಂಗ ಕಟ್ದೋರು, ಗೊತ್ತು. ಓದ್ ವರ್ಷ ಇದೇ ಕೂಸ್ನ ತೊಡ ಮ್ಯಾಲ ಕೂರುಸ್ಕಂಡು ಅಂಗಿ ಆಕಿದ್ರಲ್ಲ, ಆಗ ಇರ್ಲಿಲ್ವಾ ಮಡಿ? ನಮ್ ಮಕ್ಕ ಕಂಡ್ರ ಅಸಹ್ಯ ಆದ್ರ ಇಷ್ಟ್ ದೂರ ಯಾಕ್ ಬಂದ್ರಿ?”

ಮರದ ಕೆಳಗೆ ಕೂತಿದ್ದ ಗಂಡಸರು ಎದ್ದು ನಿಂತರು. ಮಾದಣ್ಣ, “ಮಾದೇವಿ, ಸುಮ್ಕಿರು” ಎಂದ. ಆದರೆ ಅವನೂ ಉತ್ತರಕ್ಕಾಗಿ ಶಿವರತ್ನಮ್ಮನ ಕಡೆಗೇ ನೋಡುತ್ತಿದ್ದ. ಬಸವಮ್ಮ ಕಣ್ಣಿನಲ್ಲೇ ‘ಬೇಡ’ ಎಂದಳು. ಮೇಷ್ಟ್ರು ಒಂದು ತುತ್ತು ಇಟ್ಟುಬಿಡಿ, ಏನೂ ಆಗುವುದಿಲ್ಲ ಎಂಬಂತೆ ಕೈಸನ್ನೆ ಮಾಡಿದರು.

ಒಂದು ತುತ್ತು. ಅಷ್ಟರಿಂದ ಎಲ್ಲ ಸರಿಹೋಗುತ್ತಿತ್ತು. ಮಾದೇವಮ್ಮನ ಸಿಟ್ಟು ಇಳಿಯುತ್ತಿತ್ತು, ಮಕ್ಕಳು ಉಣ್ಣುತ್ತಿದ್ದವು, ಸಂಜೆ ಬಸ್ಸು ಬರುತ್ತಿತ್ತು. ಶಿವರತ್ನಮ್ಮ ಜಗಲಿ ಇಳಿದು ಬಂದಳು. ಎಲೆಯಿಂದ ಅನ್ನ ತೆಗೆದುಕೊಂಡಳು. ಚಿಕ್ಕತಾಯಿ ಈಗಾಗಲೇ ಬಾಯಿ ತೆರೆದಿದ್ದಳು. ಒಳಗೆ ಸಣ್ಣ ಸಣ್ಣ ಹಲ್ಲು, ಮುಂದಿನದೊಂದು ಹುಳುಕು. ಗಿರಿಜೆಗೂ ಅದೇ ಹಲ್ಲು ಹುಳುಕಾಗಿತ್ತು. ಶಿವರತ್ನಮ್ಮನ ಕೈ ಅಲ್ಲೇ ನಿಂತಿತು. ಮೇಷ್ಟ್ರ ಸೈನ್ಸು ನಿಜವೇ ಇರಬಹುದು. ಆದರೆ ನಿಜವಲ್ಲದಿದ್ದರೆ ಸಾಯುವುದು ಮೇಷ್ಟ್ರಲ್ಲ.

“ಮಡಿ ಅಲ್ಲ ಮಾದೇವಮ್ಮ” ಎಂದಳು. ಧ್ವನಿ ತನ್ನದೇ ಅನ್ನಿಸಲಿಲ್ಲ. “ಕಲ್ಲು ಹತ್ರ ನಾನು ಸುಳ್ಳು ಹೇಳ್ದೆ. ನನ್ ಮಗಳಿಗೆ ಬೆಳಿಗ್ಗೆ ಅಮ್ಮ ಎದ್ದದೆ.”

ಮಾದೇವಮ್ಮ ಮಗುವಿನ ತೆರೆದ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಹಾಗೇ ಹಿಂದೆ ಹಿಂದೆ ಸರಿಯುತ್ತಾ ಹೋದಳು. ಸಾಲಿನಲ್ಲಿ ಕೂತಿದ್ದ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಎಬ್ಬಿಸಿದರು. ಬೈಗುಳ ಬರುತ್ತದೆ, ಕಲ್ಲು ಬೀಳುತ್ತದೆ ಎಂದು ಶಿವರತ್ನಮ್ಮ ಕಾದಳು. ಬೈಗುಳ ಬಂದರೆ ಸಾಕು, ಯಾರಾದರೂ ಒಂದೇಟು ಹೊಡೆದರೂ ಸಾಕು ಅನ್ನಿಸಿತ್ತು ಅವಳಿಗೆ.

ಯಾರೂ ಬೈಯಲಿಲ್ಲ. ಮಾದಣ್ಣ ತಲೆಯ ವಸ್ತ್ರ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. ಕೈಮುಗಿದ.

“ಅಂಗಾದ್ರ ಅವ್ವ ಬಂದವ್ಳ” ಎಂದ.

“ಮಾದಣ್ಣ, ನಾನು...”

“ನೀವು ಮಾತಾಡ್ಬೇಡಿ ತಾಯಿ. ಬಂದೋಳ್ನ ಬರಬ್ಯಾಡ ಅನ್ನಕಾಯ್ತದಾ? ತಂಪು ಮಾಡಿ ಕಳಿಸ್ತೀವಿ.” ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಮಾದಣ್ಣ ಅವರ ಕಡೆಗೆ ನೋಡದೆ, “ಸಾ, ಕೋಪ ಬರ್ಸ್ಬೇಡಿ ಅವ್ಳಿಗ” ಎಂದ.

ಮರದ ಕೆಳಗೆ ಕಂಬಳಿ ಹಾಸಿದರು. ಅವಳು ಕೂರಬೇಕಾಯಿತು. ಅರಿಸಿನದ ನೀರಿಗೆ ಬೇವಿನ ಸೊಪ್ಪು ಹಾಕಿ ತಂದು, ಮುಟ್ಟದಂತೆ ದೂರದಿಂದಲೇ ಅವಳ ಕಾಲಿಗೆ ಹುಯ್ದರು. ನೀರು ತಣ್ಣಗಿತ್ತು. ಅವಳ ಮೈಯೆಲ್ಲಾ ನಡುಗಿತು. ಆ ನಡುಕ ಕಂಡು ಹೆಂಗಸರು ಇನ್ನೊಂದು ಹೆಜ್ಜೆ ಹಿಂದೆ ಸರಿದು ಕೆನ್ನೆ ಬಡಿದುಕೊಂಡರು. ಆಮೇಲೆ ಮಕ್ಕಳಿಗೆಂದು ಬೇಯಿಸಿದ್ದ ಮೊಸರನ್ನದ ಪಾತ್ರೆಯನ್ನು ಇಬ್ಬರು ಗಂಡಸರು ಹೊತ್ತು ತಂದು ಅವಳ ಮುಂದಿಟ್ಟರು.

“ಉಣ್ಣವ್ವ” ಎಂದ ಮಾದಣ್ಣ. “ನಿಂಗೇ ಇದು. ಒಟ್ಟ ತಂಪು ಮಾಡ್ಕ.”

ಇಷ್ಟು ಹೊತ್ತು ನೀವು ಎನ್ನುತ್ತಿದ್ದವನು ಈಗ ನೀನು ಎನ್ನುತ್ತಿದ್ದ. ದೇವರನ್ನು ಯಾರೂ ನೀವು ಎನ್ನುವುದಿಲ್ಲ. ಶಿವರತ್ನಮ್ಮ ತಲೆಯೆತ್ತಿದಳು. ಬಣ್ಣದ ಟೋಪಿ ಹಾಕಿಕೊಂಡ ಮಕ್ಕಳು ತಾಯಂದಿರ ಕಾಲಸಂದಿಯಿಂದ ಅವಳನ್ನೇ, ಅವಳ ಕೈಯನ್ನೇ, ಕೈಯಲ್ಲಿ ಇನ್ನೂ ಹಾಗೇ ಇದ್ದ ಆ ತುತ್ತನ್ನೇ ನೋಡುತ್ತಿದ್ದವು. ಹಿಂದಿನ ದಿನದಿಂದ ಈ ಊಟಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡ ಮಕ್ಕಳು. ಒಬ್ಬ ಹುಡುಗ ಉಗುಳು ನುಂಗಿದ ಸದ್ದು ಕೇಳಿಸಿತು.

“ಮಕ್ಕಳು ಉಣ್ಲಿ” ಎಂದಳು. “ಬಸವಮ್ಮ ಮಾಡಿದ್ದು. ಪಾತ್ರೇಲಿರೋದನ್ನ ನಾನು ಮುಟ್ಟಿಲ್ಲ. ಆಣೆಗೂ ಮುಟ್ಟಿಲ್ಲ.”

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ‘ಮಕ್ಕಳು’ ಎಂಬ ಮಾತು ಅವಳ ಬಾಯಿಂದ ಬಂದದ್ದೇ ಕೆಟ್ಟಿತು. ಮಾದೇವಮ್ಮ ಮಗಳನ್ನು ಕಂಕುಳಲ್ಲಿ ಅವುಚಿಕೊಂಡೇ ಮಣ್ಣಿನ ಮೇಲೆ ಮಂಡಿಯೂರಿದಳು. ಸ್ವಲ್ಪ ಹೊತ್ತಿಗೆ ಮುಂಚೆ ಉರಿಯುತ್ತಿದ್ದ ಆ ಕಣ್ಣಿನಲ್ಲಿ ಈಗ ಬರೀ ಭಯವಿತ್ತು.

“ಮಕ್ಕ ಸುದ್ದಿ ಬ್ಯಾಡ ಕನವ್ವ. ನಾ ಅಂದುದ್ ಮನ್ಸಿಗಾಕಬೇಡ. ಗೊತ್ತಾಗ್ನಿಲ್ಲ ನೀ ಬಂದಿರದು. ನೀನೇ ಉಣ್ಣು. ಎರಡ್ನ ಕೊಟ್ಟಿವ್ನಿ ನಿಂಗ. ಇದೊಂದ್ ಬುಡು.”

ಶಿವರತ್ನಮ್ಮ ಉಂಡಳು. ಬೇರೆ ದಾರಿ ಇರಲಿಲ್ಲ. ಉಪ್ಪು ಸರಿಯಾಗಿತ್ತು, ಬಸವಮ್ಮನ ಮೊಸರು ಸಿಹಿಯಾಗಿತ್ತು, ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡು ಉಣ್ಣಬೇಕಾಗಿದ್ದ ಅನ್ನ ಅದು. ಸಾಕು ಎಂದು ಕೈ ತೆಗೆದಾಗ ಹೆಂಗಸರೆಲ್ಲ ಉಸಿರು ಬಿಟ್ಟರು. ಉಳಿದ ಅನ್ನವನ್ನು, ಬಾಳೆಹಣ್ಣಿನ ಗೊನೆಯನ್ನೂ ಸೇರಿಸಿ, ಗಡಿಕಲ್ಲಿನ ಆಚೆ ಹಳ್ಳಕ್ಕೆ ಸುರಿಯಲು ಹೊತ್ತುಕೊಂಡು ಹೋದರು. ಆಗ ಮೊದಲ ಸಲ ಒಂದು ಮಗು ಅತ್ತಿತು. ಅದರ ತಾಯಿ ಬಾಯಿ ಮುಚ್ಚಿಸಿದಳು.

ಬಸ್ಸಿಗೆ ಇನ್ನೂ ಬಹಳ ಹೊತ್ತಿದ್ದರೂ ಅವಳನ್ನು ರಸ್ತೆಗೆ ಕರೆದುಕೊಂಡು ಹೋದರು. ಮುಂದೆ ಮಾದಣ್ಣ ಬೇವಿನ ಸೊಪ್ಪು ಬೀಸುತ್ತಾ, ನಡುವೆ ಒದ್ದೆ ಕಾಲಿನ ಶಿವರತ್ನಮ್ಮ, ಹಿಂದೆ ಎಷ್ಟೋ ದೂರದಲ್ಲಿ ಊರು. ಬಸವಮ್ಮ ಪಕ್ಕದಲ್ಲಿ ನಡೆಯುತ್ತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. “ನಮ್ಮ ಗಿರಿಜೆಗೆ ಏನೂ ಆಗಲ್ಲ ಕಣೆ” ಎಂದಳು ಒಮ್ಮೆ. ಮೇಷ್ಟ್ರು ಹಾರ್ಮೋನಿಯಂ ಹೊತ್ತು ತಲೆತಗ್ಗಿಸಿಕೊಂಡು ಬರುತ್ತಿದ್ದರು. ರಸ್ತೆಯ ಬದಿಯಲ್ಲಿ ಮೂವರೂ ಬಿಸಿಲಿನಲ್ಲಿ ಕಾದರು. ಊರಿನವರೂ ಗಡಿಕಲ್ಲಿನ ಒಳಗೆ ನಿಂತು ಕಾದರು. ಅವಳು ಹೋಗುವವರೆಗೆ ಅವರು ಕದಲುವಂತಿರಲಿಲ್ಲ.

ಸಂಜೆಗೆ ಬಸ್ಸು ಬಂತು. ಮನೆಗೆ ಬಂದ ಹೆಂಗಸನ್ನು ಕಳಿಸುವಾಗ ‘ಹೋಗಿ ಬಾ’ ಎನ್ನಬೇಕು, ಬರೀ ‘ಹೋಗು’ ಎನ್ನುವುದು ಅಶುಭ. ಅಲ್ಲಿ ಯಾರೂ ‘ಬಾ’ ಎನ್ನಲಿಲ್ಲ. “ಓಗವ್ವ, ಓಗು” ಎಂದ ಮಾದಣ್ಣ. ಗುಂಪಿನಲ್ಲಿದ್ದ ತಮಿಳಿನ ಮುದುಕಿಯೊಬ್ಬಳು “ಪೋಯಿಡು ತಾಯೇ, ಪೋಯಿಡು” ಎಂದು ತನ್ನ ಮಾತಿನಲ್ಲೇ ಬೇಡಿಕೊಂಡಳು.

ಶಿವರತ್ನಮ್ಮ ಕಿಟಕಿಯ ಪಕ್ಕ ಕೂತಳು. ಈ ಬಸ್ಸು ಯಾವಾಗ ಹನೂರು ದಾಟುತ್ತದೆ, ಯಾವಾಗ ಕೊಳ್ಳೇಗಾಲ ಮುಟ್ಟುತ್ತದೆ, ಮನೆಯ ಬಾಗಿಲಿಗೆ ಅತ್ತೆ ಬೇವಿನ ಸೊಪ್ಪು ಕಟ್ಟಿರುತ್ತಾರೋ ಇಲ್ಲವೋ, ಒಳಗೆ ಮಗಳು ಹೇಗೆ ಮಲಗಿರುತ್ತಾಳೋ ಎಂದು ಯೋಚಿಸುತ್ತಿದ್ದಳು. ಹೊರಗೆ ನೋಡಬಾರದು ಎಂದುಕೊಂಡೇ ನೋಡಿದಳು. ಸಂಜೆಯ ಗಾಳಿಗೆ ಕಾಗದದ ಟೋಪಿಗಳು ಪರಪರ ಎನ್ನುತ್ತಿದ್ದವು. ಎಲ್ಲರ ಮುಂದೆ ನಿಂತಿದ್ದ ಚಿಕ್ಕತಾಯಿ ಬಸ್ಸಿನೊಳಗೆ ಅವಳನ್ನು ಹುಡುಕಿ, ಕಂಡಳು. ಕಂಡದ್ದೇ ಮುಖವರಳಿಸಿ, ಬಲಗೈಯನ್ನು ಮೇಲೆತ್ತಿ ಬೀಸತೊಡಗಿದಳು.

ಮಾದೇವಮ್ಮ ಮಗುವಿನ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು, ಬೀಸುತ್ತಿದ್ದ ಕೈಯನ್ನು ಹಿಡಿದಳು. ಇನ್ನೊಂದು ಕೈಯನ್ನೂ ಎಳೆದು ಎರಡನ್ನೂ ಜೋಡಿಸಿದಳು. ಬಸ್ಸು ತಿರುವಿಗೆ ಬರುವವರೆಗೂ ಆ ಪುಟ್ಟ ಕೈಗಳನ್ನು ಒಟ್ಟಿಗೆ ಅದುಮಿ ಹಿಡಿದೇ ಇದ್ದಳು.